ಕೈ ಹೆಣ್ಣು, ಹೂವು ಗಂಡು: ನಾನು ಇಟಾಲಿಯನ್ ಕಲಿತ ಬಗೆ

ಇಟಲಿಯ ತೊರಿನೊ ನಗರಕ್ಕೆ ಓದಲು ಬಂದ ಮಾರನೆಯ ದಿನ ಪಕ್ಕದ ಮನೆಯ ಅಜ್ಜಿಗೆ "ಸೋನೊ ಅರ್ರಿವಾತೊ ಇಯೇರಿ" ಎಂದೆ. ನಿನ್ನೆ ಬಂದೆ ಅಂತ ಹೇಳಬೇಕಿತ್ತು. ಅಜ್ಜಿ ನನ್ನ ಕೈ ಹಿಡಿದು, "ಅರ್ರಿವಾತಾ" ಎಂದು ತಿದ್ದಿದರು. ಅರ್ರಿವಾತೊ ಗಂಡಸರು ಹೇಳುವ ರೂಪ. ನಮ್ಮಲ್ಲೂ ಬಂದನು, ಬಂದಳು ಇದೆ. ಆದರೆ "ನಾನು ಬಂದೆ" ಎನ್ನುವಾಗ ಗಂಡೋ ಹೆಣ್ಣೋ ಎಂದು ತೋರಿಸಬೇಕಾಗಿಯೇ ಇಲ್ಲ, ಅಲ್ವಾ?

ಕನ್ನಡದಲ್ಲಿ ಲಿಂಗ ಅರ್ಥ ನೋಡಿ ಬರುತ್ತದೆ. ಮನುಷ್ಯರು, ದೇವರು ಗಂಡು ಅಥವಾ ಹೆಣ್ಣು. ಮೇಜು, ಮರ, ಮಳೆ ಎಲ್ಲ ನಪುಂಸಕ. ಇಟಾಲಿಯನ್‌ನಲ್ಲಿ ನಪುಂಸಕವೇ ಇಲ್ಲ. ಪುಸ್ತಕ (ಲಿಬ್ರೊ) ಗಂಡು, ಮನೆ (ಕಾಸಾ) ಹೆಣ್ಣು. ಗಂಡು ಪದದ ಮುಂದೆ ಸಾಮಾನ್ಯವಾಗಿ "ಇಲ್", ಹೆಣ್ಣು ಪದದ ಮುಂದೆ "ಲಾ" ಬರುತ್ತದೆ. ಚಂದಮಾಮ ಎಂದು ಕರೆದು ಬೆಳೆದ ನನಗೆ ಚಂದ್ರ "ಲಾ ಲೂನಾ" ಆಗಿದ್ದು ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು.

ಮೊದಲು ಕಲಿತ ನಿಯಮ ಸುಲಭ. ಒ ಎಂದು ಮುಗಿದರೆ ಗಂಡು, ಬಹುವಚನದಲ್ಲಿ ಇ: ಲಿಬ್ರೊ, ಲಿಬ್ರಿ. ಆ ಎಂದು ಮುಗಿದರೆ ಹೆಣ್ಣು, ಬಹುವಚನದಲ್ಲಿ ಎ: ಕಾಸಾ, ಕಾಸೆ. ಇದನ್ನೇ ನಂಬಿ "ಇಲ್ ಮಾನೊ" ಎಂದು ತಪ್ಪಿದೆ. ಕೈ ಹೆಣ್ಣು, ಲಾ ಮಾನೊ. ಇಟಾಲಿಯನ್‌ಗೆ ಮೂಲವಾದ ಲ್ಯಾಟಿನ್‌ನಲ್ಲೂ ಅದು ಹೆಣ್ಣೇ. ಪ್ರೊಬ್ಲೇಮಾ (ಸಮಸ್ಯೆ), ಕ್ಲೀಮಾ (ಹವಾಮಾನ) ಗ್ರೀಕ್ ಮೂಲದವು, ಅವು ಗಂಡು. ಫೋಟೊ ಹೆಣ್ಣು, ಏಕೆಂದರೆ ಅದು ಫೋಟೊಗ್ರಫೀಯಾ ಪದದ ತುಂಡು.

ಜಾಸ್ತಿ ಕಾಡಿದ್ದು ಎ ಎಂದು ಮುಗಿಯುವ ಪದಗಳು. ಹಾಲು, ಲಾತ್ತೆ, ಗಂಡು. ರಾತ್ರಿ, ನೋತ್ತೆ, ಹೆಣ್ಣು. ನೋಡಿದರೆ ಗೊತ್ತಾಗುವುದಿಲ್ಲ. ಸ್ವಲ್ಪ ಆಸರೆ ಇದೆ: ಸ್ತತ್ಸಿಯೋನೆ (ನಿಲ್ದಾಣ), ಲೆತ್ಸಿಯೋನೆ (ಪಾಠ) ತರಹದ "ತ್ಸಿಯೋನೆ" ಪದಗಳು ಹೆಣ್ಣು. "ಓರೆ" ಎಂದು ಮುಗಿಯುವವು ಸಾಮಾನ್ಯವಾಗಿ ಗಂಡು. ಹಾಗಾಗಿ ಹೂವು, ಫಿಯೋರೆ, ಗಂಡು.

ಪದದ ಜೊತೆ ಇಲ್, ಲಾ ಸೇರಿಸಿ ಬರೆದುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಸಾಲಲಿಲ್ಲ. ಸ್ವರದಿಂದ ಶುರುವಾಗುವ ಪದಗಳ ಮುಂದೆ ಎರಡೂ ಬರೀ ಲ್ ಆಗಿಬಿಡುತ್ತವೆ. ಬೇಸಿಗೆ ಲೆಸ್ತಾತೆ, ಚಳಿಗಾಲ ಲಿನ್ವೆರ್ನೊ. ಲಿಂಗ ಅಡಗಿಹೋಯಿತು. ಅದಕ್ಕೆ ಪ್ರತಿ ಪದಕ್ಕೂ ಬಿಸಿ ಅಥವಾ ತಣ್ಣಗೆ ಎನ್ನುವ ಗುಣವಾಚಕ ಅಂಟಿಸಿದೆ. ಲೆಸ್ತಾತೆ ಕಾಲ್ದಾ, ಲಿನ್ವೆರ್ನೊ ಫ್ರೆದ್ದೊ, ಲಾತ್ತೆ ಫ್ರೆದ್ದೊ, ಮಾನೊ ಫ್ರೆದ್ದಾ. ಅನ್ನಕ್ಕೆ ಇಟ್ಟು ನಿಂತಿರುವಾಗ ಇವನ್ನೇ ಗಟ್ಟಿಯಾಗಿ ಹೇಳುತ್ತಿದ್ದೆ. ನಿಯಮ ನೆನಪಾಗುವ ಮೊದಲೇ ಕಿವಿಗೆ ತಪ್ಪು ಕೇಳಿಸತೊಡಗಿತು. "ಮಾನೊ ಫ್ರೆದ್ದೊ" ಎಂದರೆ ಈಗ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ.

ಪೋರ್ತಾ ಪಲಾತ್ಸೊ ಮಾರುಕಟ್ಟೆಯಲ್ಲಿ ಒಂದು ವಿಚಿತ್ರ ಸಿಕ್ಕಿತು. ಒಂದು ಮೊಟ್ಟೆ "ಉವೋವೊ", ಗಂಡು. ಎರಡಾದರೆ "ಉವೋವಾ", ಹೆಣ್ಣು! ಬೆರಳು, ತೋಳುಗಳೂ ಹೀಗೇ: ದೀತೊ, ದೀತಾ, ಬ್ರಾಚ್ಚೊ, ಬ್ರಾಚ್ಚಾ. ಲ್ಯಾಟಿನ್‌ನಲ್ಲಿ ನಮ್ಮ ಹಾಗೆ ನಪುಂಸಕ ಲಿಂಗವಿತ್ತು. ಅದರ ಬಹುವಚನ ಆ ಎಂದು ಮುಗಿಯುತ್ತಿತ್ತು. ಆ ಲಿಂಗ ಹೋಯಿತು, ಕೊನೆಯ ಸ್ವರ ಮಾತ್ರ ಮೊಟ್ಟೆ, ತೋಳಿನಂಥ ಕೆಲವು ಪದಗಳಲ್ಲಿ ಉಳಿಯಿತು. ಬೆರಳು ಲ್ಯಾಟಿನ್‌ನಲ್ಲಿ ಗಂಡೇ ಆಗಿತ್ತು, ಆಮೇಲೆ ಇವುಗಳ ದಾರಿ ಹಿಡಿಯಿತು. ಮೊಟ್ಟೆ, ತೋಳು, ಬೆರಳು ಮೂರೂ ಕನ್ನಡದಲ್ಲಿ ನಪುಂಸಕ. ಅದು ತಿಳಿದ ದಿನ ತುಂಬಾ ಖುಷಿಯಾಯಿತು. "ಸೇಯಿ ಉವೋವಾ ಫ್ರೆಸ್ಕೆ" ಎಂದು ಕೇಳಿ ಆರು ಮೊಟ್ಟೆ ತಂದೆ.