ಕೋನಮಾಪಕ ಆಮೇಲೆ, ಮಡಚಿದ ಕಾಗದ ಮೊದಲು

ಆರನೇ ತರಗತಿಯಲ್ಲಿ ರೇಖಾಗಣಿತ ಸಾಮಾನ್ಯವಾಗಿ ಶುರುವಾಗುವುದೇ "ಬಿಂದುವಿಗೆ ಉದ್ದವಿಲ್ಲ, ಅಗಲವಿಲ್ಲ, ದಪ್ಪವಿಲ್ಲ" ಎಂಬಲ್ಲಿಂದ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಮರೆಯುತ್ತಾರೆ. ನಾನು ಉಲ್ಟಾ ಹೋಗುತ್ತೇನೆ. ಮೊದಲ ದಿನ ಬೆಂಚಿಗೊಂದು ಖಾಲಿ ಬೆಂಕಿಪೊಟ್ಟಣ. ಅಂಗೈ ಆಡುವ ಕಡೆ ಮುಖ, ಬೆರಳು ಜಾರುವ ಕಡೆ ಅಂಚು, ಚುಚ್ಚುವ ಕಡೆ ಶೃಂಗ. ಎಣಿಸಿದರೆ ಮುಖ 6, ಅಂಚು 12, ಶೃಂಗ 8. ಎರಡು ಮುಖ ಕೂಡುವಲ್ಲಿ ಅಂಚು. ಅದಕ್ಕೆ ತನ್ನದೇ ಅಗಲ ಎಲ್ಲಿಂದ ಬರಬೇಕು? ಅಂಚುಗಳು ಕೂಡುವಲ್ಲಿ ಶೃಂಗ. ಅದಕ್ಕೆ ಉದ್ದವೂ ಇಲ್ಲ. ಇಷ್ಟಾದ ಮೇಲೆ ಹಲಗೆಯ ಮೇಲೆ ಚುಕ್ಕಿ ಇಟ್ಟು, ಈ ಚುಕ್ಕಿ ಬಿಂದುವಲ್ಲ, ಬಿಂದು ಎಲ್ಲಿದೆ ಅನ್ನುವುದರ ಗುರುತು ಎಂದರೆ ಸಾಕು.

ರೇಖೆ, ರೇಖಾಖಂಡ, ಕಿರಣ ಇವಕ್ಕೆ ಒಂದು ಪಿರಿಯಡ್‌ಗಿಂತ ಹೆಚ್ಚು ಬೇಡ. ಅಳತೆಪಟ್ಟಿಯ ಒಂದು ತಪ್ಪು ಮಾತ್ರ ಅಲ್ಲೇ ತಿದ್ದಬೇಕು: 0 ಬಿಟ್ಟು 1ರಿಂದ ಅಳೆಯುವುದು. 3ರಿಂದ 8ರವರೆಗೆ ಗೆರೆ ಎಳೆಸಿ ಉದ್ದ ಕೇಳಿ. 8 ಅಂದವರೂ 6 ಅಂದವರೂ ಇರುತ್ತಾರೆ. 6 ಅಂದವರು ಗೀಟುಗಳನ್ನು ಎಣಿಸಿದ್ದಾರೆ, ನಡುವಿನ ಜಾಗಗಳನ್ನಲ್ಲ.

ನಿಜವಾದ ಕಷ್ಟ ಕೋನದ್ದು. ಬಾಹು ಉದ್ದವಿದ್ದರೆ ಕೋನ ದೊಡ್ಡದು ಎಂಬ ನಂಬಿಕೆ ಬೇಗ ಬಿಡುವುದಿಲ್ಲ. 12 ಸೆಂ.ಮೀ. ಬಾಹುಗಳಿರುವ 40 ಡಿಗ್ರಿ ಕೋನ, ಪಕ್ಕದಲ್ಲಿ 4 ಸೆಂ.ಮೀ. ಬಾಹುಗಳ 70 ಡಿಗ್ರಿ ಕೋನ ಬರೆದು ಯಾವುದು ದೊಡ್ಡದು ಎಂದು ಕೇಳಿದರೆ ಬಹುಪಾಲು ಕೈಗಳು ಮೊದಲನೆಯದಕ್ಕೇ ಏಳುತ್ತವೆ. ಆದ್ದರಿಂದ ಕೋನವನ್ನು ಆಕಾರವಾಗಿ ತೋರಿಸುವ ಮೊದಲು ತಿರುಗುವಿಕೆಯಾಗಿ ತೋರಿಸುತ್ತೇನೆ. ಹಳೆಯ ಲಗ್ನಪತ್ರಿಕೆಗಳಿಂದ ಎರಡು ಬಣ್ಣದ ವೃತ್ತ ಕತ್ತರಿಸಿ, ತ್ರಿಜ್ಯ 5 ಸೆಂ.ಮೀ. ಎರಡರಲ್ಲೂ ಅಂಚಿನಿಂದ ಕೇಂದ್ರದವರೆಗೆ ಒಂದೊಂದು ಸೀಳು ಹಾಕಿ, ಒಂದರೊಳಗೊಂದು ಸಿಕ್ಕಿಸಿ. ತಿರುಗಿಸಿದಂತೆ ಒಂದು ಬಣ್ಣ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ಸೀಳು ಕೇಂದ್ರಕ್ಕೆ ಅರ್ಧ ಸೆಂ.ಮೀ. ಮೊದಲೇ ನಿಂತರೂ ಚಕ್ರ ಕಚ್ಚಿಕೊಳ್ಳುತ್ತದೆ; ಕೇಂದ್ರದಲ್ಲಿ ಪಿನ್ನಿನ ತೂತು ಮಾಡಿಕೊಂಡು ಅಲ್ಲಿಯವರೆಗೆ ಕತ್ತರಿಸುವುದು ಸುಲಭ. 90 ಡಿಗ್ರಿಗಿಂತ ಕಮ್ಮಿಯ ಲಘುಕೋನದಿಂದ 180 ದಾಟಿದ ಸರಳಾಧಿಕ ಕೋನದವರೆಗೆ ಇದೊಂದರಲ್ಲೇ ಮುಗಿಯುತ್ತದೆ.

ಲಂಬಕೋನಕ್ಕೆ ಹಳೆ ಪೇಪರಿನ ಹರಿದ ತುಂಡು ಬೇಕು, ಒಂದು ಅಂಚೂ ನೆಟ್ಟಗಿರಬಾರದು. ಒಮ್ಮೆ ಮಡಚಿ. ಬಂದ ಮಡಿಕೆಯನ್ನು ಅದರ ಮೇಲೇ ಕೂರಿಸಿ ಇನ್ನೊಮ್ಮೆ ಮಡಚಿ. ಆ ಮೂಲೆ 90 ಡಿಗ್ರಿ. ನೋಟ್‌ಬುಕ್ ಹಾಳೆಯಲ್ಲಿ ಇದನ್ನು ಮಾಡಿಸಿದರೆ ಮಕ್ಕಳು ಹಾಳೆಯ ಮೂಲೆಯಿಂದಲೇ ಲಂಬ ಬಂತು ಅಂದುಕೊಳ್ಳುತ್ತಾರೆ. ಈ ತುಂಡು ಜೇಬಿನಲ್ಲಿಟ್ಟುಕೊಂಡು ಕಿಟಕಿ, ಬಾಗಿಲು, ಬೆಂಚಿನ ಕಾಲು ಎಲ್ಲದರ ಮೂಲೆ ಪರೀಕ್ಷೆ ಮಾಡಲಿ. ಮತ್ತೊಂದು ಮಡಿಕೆಗೆ 45.

ಇದಾದ ಮೇಲೆಯೇ ಕೋನಮಾಪಕ. ಅದರಲ್ಲಿ ಎರಡು ಸಾಲು ಅಂಕಿಗಳಿವೆ, ಆದ್ದರಿಂದ 60 ಇರುವುದು 120 ಆಗುತ್ತದೆ. ಅಳೆಯುವ ಮುನ್ನ ಮಡಚಿದ ಮೂಲೆಗಿಂತ ಹೆಚ್ಚೋ ಕಮ್ಮಿಯೋ ಎಂದು ಬಾಯಿಬಿಟ್ಟು ಹೇಳಿಸಿದರೆ ಈ ತಪ್ಪು ನಿಲ್ಲುತ್ತದೆ. ಇನ್ನೊಂದು ತಪ್ಪು ಕಣ್ಣಿಗೇ ಬೀಳುವುದಿಲ್ಲ. ಪ್ಲಾಸ್ಟಿಕ್ಕಿನ ಕೆಳಅಂಚು ಬೇರೆ, ಸೊನ್ನೆಯ ಗೆರೆ ಬೇರೆ. ಎಷ್ಟೋ ಕೋನಮಾಪಕಗಳಲ್ಲಿ ನಡುವೆ ಸುಮಾರು 5 ಮಿ.ಮೀ. ಅಂತರ. ಅಂಚನ್ನೇ ಗೆರೆಗೆ ಹೊಂದಿಸಿದರೆ, 4.5 ಸೆಂ.ಮೀ. ತ್ರಿಜ್ಯದ ಕೋನಮಾಪಕದಲ್ಲಿ 60 ಡಿಗ್ರಿ ಕೋನ 57ರ ಹತ್ತಿರ ಕಾಣುತ್ತದೆ, 30 ಡಿಗ್ರಿ 25ಕ್ಕಿಂತ ಕೆಳಗಿಳಿಯುತ್ತದೆ. 90 ಮಾತ್ರ 90 ಆಗಿಯೇ ಇರುತ್ತದೆ, ಯಾಕೆಂದರೆ ಲಂಬ ಗೆರೆ ಕೋನಮಾಪಕದ ಕೇಂದ್ರ, ಕೆಳಅಂಚಿನ ನಡುಬಿಂದು ಎರಡರ ಮೇಲೂ ಹಾದುಹೋಗುತ್ತದೆ. ಲಂಬಕೋನ ಅಳೆಸಿ "ಸರಿಯಾಗಿದೆ" ಎಂದು ಮುಂದೆ ಹೋದರೆ ತಪ್ಪು ಒಳಗೇ ಉಳಿಯಿತು ಎಂದರ್ಥ. ಪರೀಕ್ಷಿಸಲು ಯಾವಾಗಲೂ 30 ಕೊಡಿ.

ಆಕೃತಿಗಳಿಗೆ ಕಡ್ಡಿ ಪೊರಕೆ, ಸೈಕಲ್ ಅಂಗಡಿಯ ವಾಲ್ವ್ ಟ್ಯೂಬ್. ಟ್ಯೂಬನ್ನು 1.5 ಸೆಂ.ಮೀ. ತುಂಡು ಮಾಡಿದರೆ ಒಂದು ಮೀಟರಿಗೆ 66 ತುಂಡು; ನಾಲ್ಕು ನಾಲ್ಕು ಮಕ್ಕಳ ಹತ್ತು ಗುಂಪಿಗೆ ಆರಾರು ಕೊಟ್ಟರೂ ಉಳಿಯುತ್ತದೆ. ಕಡ್ಡಿಯ ದಪ್ಪ ಕಡೆಯದನ್ನೇ ಬಳಸಿ, ತುದಿಯ ಕಡ್ಡಿ ಟ್ಯೂಬಿನಿಂದ ಜಾರಿಬೀಳುತ್ತದೆ. ಮೂರು ಕಡ್ಡಿ ಜೋಡಿಸಿ ಒತ್ತಿದರೆ ತ್ರಿಭುಜ ಅಲುಗುವುದಿಲ್ಲ. ನಾಲ್ಕು ಜೋಡಿಸಿದರೆ ಚೌಕ ವಾಲಿ ವಜ್ರಾಕೃತಿಯಾಗುತ್ತದೆ. 1800ರಲ್ಲಿ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಸರಪಳಿ ಹಿಡಿದು ಒಂದು ಆಧಾರರೇಖೆ ಅಳೆದದ್ದೂ ತ್ರಿಕೋನ ಹೀಗೆ ಅಲುಗದು ಎಂಬ ಭರವಸೆಯ ಮೇಲೆಯೇ: ಒಂದು ಬಾಹು, ಎರಡು ಕೋನ ಗೊತ್ತಾದರೆ ಉಳಿದದ್ದು ಲೆಕ್ಕ.

ಇಲ್ಲೊಂದು ಎಚ್ಚರಿಕೆ. 4, 6, 10 ಸೆಂ.ಮೀ. ಕಡ್ಡಿಗಳಿಂದ ತ್ರಿಭುಜ ಆಗಬಾರದು (4, 6 ಕೂಡಿದರೆ 10ಕ್ಕಿಂತ ಹೆಚ್ಚಾಗುವುದಿಲ್ಲ), ಆದರೆ ಟ್ಯೂಬಿನ ಒಳಗೆ ಕಡ್ಡಿಗಳ ನಡುವೆ ಉಳಿಯುವ ಸಂದಿನಿಂದ ಆದಂತೆ ಕಾಣುತ್ತದೆ. ಅದಕ್ಕೆ 4, 5, 12 ಕೊಟ್ಟು ಆಗುವುದಿಲ್ಲ ಎಂದು ತೋರಿಸಿ, 4, 6, 10ನ್ನು ಕೈವಾರದಿಂದ ಬರೆಸುತ್ತೇನೆ. ಕಂಸಗಳು ಗೆರೆಯ ಮೇಲೇ ಮುಟ್ಟುತ್ತವೆ. ಕೈವಾರದ ತಿರುಪು ಸಡಿಲವಿದ್ದರೆ ಇದೂ ಕೆಡುತ್ತದೆ: ಮೊದಲು ಒಂದು ವೃತ್ತ ಎಳೆಸಿ, ಶುರುವಾದಲ್ಲಿಗೇ ಬಂದು ಮುಟ್ಟದಿದ್ದರೆ ತಿರುಪು ಬಿಗಿಮಾಡಿಸಿ.

ಚೌಕವನ್ನು ಓರೆಯಾಗಿ ಬರೆದರೆ "ಡೈಮಂಡ್" ಅನ್ನುತ್ತಾರೆ. ಹಾಳೆ ತಿರುಗಿಸಿ, ಈಗ ಏನು ಬದಲಾಯಿತು ಎಂದು ಕೇಳಿ, ವಿವರಣೆ ಬೇಡ. ಹೆಸರುಗಳ ವಿಷಯದಲ್ಲಿ ಕನ್ನಡ ಮಾಧ್ಯಮದವರಿಗೆ ಒಂದು ಅನುಕೂಲವಿದೆ, ನಾವೇ ಅದನ್ನು ಬಳಸಿಕೊಳ್ಳುವುದಿಲ್ಲ. ಸಮ-ದ್ವಿ-ಬಾಹು ಎಂದು ಒಡೆದು ಹೇಳಿದರೆ ವ್ಯಾಖ್ಯೆ ಹೆಸರಿನಲ್ಲೇ ಇದೆ.

ಚುಕ್ಕಿ ರಂಗೋಲಿ ಸಂದು ಚುಕ್ಕಿಯಲ್ಲಿ, 7ರಿಂದ 4. ಸಾಲುಗಳು 4, 5, 6, 7, 6, 5, 4. ಒಟ್ಟು 37 ಚುಕ್ಕಿ, ಹೊರಗೆರೆ ಷಡ್ಭುಜ. ಚುಕ್ಕಿಗಳ ನಡುವೆ 2 ಸೆಂ.ಮೀ. ಇದ್ದರೆ ಸಾಲುಗಳ ನಡುವೆ 1.7 ಇಡಬೇಕು. ಅಲ್ಲೂ 2 ಇಟ್ಟರೆ ಒಳಗಿನ ತ್ರಿಭುಜಗಳು ಸಮಬಾಹು ಆಗುವುದಿಲ್ಲ, ಸಮದ್ವಿಬಾಹು ಆಗುತ್ತವೆ. ಅಮ್ಮ ಹಾಕುವಾಗ ಅದು ಕಣ್ಣಳತೆ, ಇಲ್ಲಿ ಅಳೆದು ನೋಡಬೇಕು.

ಸಮಾಂತರ ರೇಖೆ ಎಂದರೆ ಎಂದೂ ಸೇರದವು ಎಂದು ಮಕ್ಕಳು ಹೇಳಿದರೆ ಮೆಜೆಸ್ಟಿಕ್ ನಿಲ್ದಾಣ ನೆನಪಿಸಿ. ಅಲ್ಲಿ ಮೆಟ್ರೋದ ನೇರಳೆ ಮಾರ್ಗ, ಹಸಿರು ಮಾರ್ಗ ನೆಲದಡಿ ಬೇರೆ ಬೇರೆ ಆಳದಲ್ಲಿ ಒಂದನ್ನೊಂದು ದಾಟುತ್ತವೆ. ಸೇರುವುದಿಲ್ಲ, ಸಮಾಂತರವೂ ಅಲ್ಲ. "ಒಂದೇ ಸಮತಲದಲ್ಲಿ" ಎಂಬ ಮಾತು ಯಾಕೆ ಬೇಕು ಎಂದು ಆಗ ಅವರೇ ಹೇಳುತ್ತಾರೆ.

ಕೊನೆಯ ವಾರ 30×40 ಸೈಟು. ಬೆಂಗಳೂರಿನ ಮಕ್ಕಳಿಗೆ ಈ ಅಳತೆ ಬಾಯಿಪಾಠ. 1 ಸೆಂ.ಮೀ.ಗೆ 5 ಅಡಿ ಎಂದರೆ 6, 8, 6, 8 ಸೆಂ.ಮೀ. ಕಡ್ಡಿ. ನೆಟ್ಟಗಿದ್ದಾಗ 1,200 ಚದರ ಅಡಿ. ವಾಲಿಸಿ ಒಂದು ಮೂಲೆ 60 ಡಿಗ್ರಿ ಆದರೆ ಸುಮಾರು 1,039. ಸುತ್ತಳತೆ 140 ಅಡಿ, ಅದು ಕದಲುವುದೇ ಇಲ್ಲ. ಹಾಗಾದರೆ ಮೂಲೆ ಸರಿಯಿದೆ ಎಂದು ಮೇಸ್ತ್ರಿ ಹೇಗೆ ನೋಡುತ್ತಾರೆ? ಮೂಲೆಯಿಂದ ಮೂಲೆಗೆ ಟೇಪು ಹಿಡಿದು: 50 ಅಡಿ. 3-4-5ರ ಹತ್ತರಷ್ಟು.

ಮೈದಾನದಲ್ಲಿ ಇದನ್ನೇ 6, 8, 10 ಅಡಿಯಲ್ಲಿ ಮಾಡಿಸಿ, ಗೂಟ ಮತ್ತು ಹಗ್ಗದಿಂದ. ಅಳತೆಗೆ ಗಂಟು ಹಾಕಬೇಡಿ, ಪ್ರತಿ ಗಂಟೂ ಹಗ್ಗ ನುಂಗುತ್ತದೆ. ಬಣ್ಣದ ಗುರುತು ಸಾಕು. ನೈಲಾನ್ ಹಿಗ್ಗುತ್ತದೆ, ಅದೂ ಬೇಡ. ಅಲ್ಲೇ ವೃತ್ತ ಎಳೆಯುವುದಾದರೆ ಗೂಟಕ್ಕೆ ಹಗ್ಗವನ್ನು ಬಿಗಿದು ಕಟ್ಟದೆ ಸಡಿಲ ಕುಣಿಕೆ ಹಾಕಿ. ಬಿಗಿದರೆ ಹಗ್ಗ ಗೂಟಕ್ಕೆ ಸುತ್ತಿಕೊಂಡು ತ್ರಿಜ್ಯ ಕಮ್ಮಿಯಾಗುತ್ತ ಹೋಗಿ, ಸುತ್ತು ಮುಗಿಯುವಷ್ಟರಲ್ಲಿ ಗೆರೆ ಒಳಗೆ ಬಂದಿರುತ್ತದೆ. ನಾನಂತೂ ಮೊದಲ ಸಲ ಬೇಕೆಂದೇ ಬಿಗಿದು ಕಟ್ಟಿಸಿ, ಗೆರೆ ಯಾಕೆ ಕೂಡಲಿಲ್ಲ ಎಂದು ಅವರನ್ನೇ ಕೇಳುತ್ತೇನೆ.