ಎರಡನೇ ಸಲ ಯಾರೂ ಕೇಳಲಿಲ್ಲ: ಜರ್ಮನಿಯ ಮನೆಯೊಂದರಲ್ಲಿ ನನ್ನ ಹತ್ತು ತಿಂಗಳು

ಹದಿನಾರನೇ ವಯಸ್ಸಿನಲ್ಲಿ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮವೊಂದರ ಮೂಲಕ ನಾನು ಉತ್ತರ ಜರ್ಮನಿಗೆ ಹೋದೆ. ಬ್ರೇಮನ್ ನಗರದಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಸಣ್ಣ ಊರು ಅದು. ಅಪ್ಪ, ಅಮ್ಮ, ನನ್ನ ವಯಸ್ಸಿನ ಮಗಳು ಮತ್ತು ಹನ್ನೊಂದು ವರ್ಷದ ಮಗ ಇದ್ದ ಮನೆಯೊಂದು ಹತ್ತು ತಿಂಗಳು ನನ್ನನ್ನು ಇರಿಸಿಕೊಂಡಿತು. ನಮ್ಮ ಕಾರ್ಯಕ್ರಮದಲ್ಲಿ ಆತಿಥೇಯ ಕುಟುಂಬಕ್ಕೆ ಹಣ ಕೊಡುವ ಪದ್ಧತಿ ಇರಲಿಲ್ಲ. ಇಷ್ಟಪಟ್ಟವರು ತಮ್ಮ ಖರ್ಚಿನಲ್ಲಿಯೇ ಹುಡುಗರನ್ನು ಇಟ್ಟುಕೊಳ್ಳುತ್ತಿದ್ದರು. ಈ ಸಂಗತಿ ಮೊದಲೇ ತಿಳಿದಿದ್ದುದರಿಂದ ನನ್ನ ಮೇಲೆ ಋಣದ ಭಾರವೊಂದು ಕುಳಿತಿತ್ತು. ಯಾರಿಗೂ ತೊಂದರೆ ಕೊಡದೆ, ಏನನ್ನೂ ಕೇಳದೆ, ಸದ್ದಿಲ್ಲದೆ ಇದ್ದರೆ ಒಳ್ಳೆಯ ಹುಡುಗ ಎನಿಸಿಕೊಳ್ಳುತ್ತೇನೆ ಎಂದು ಭಾವಿಸಿದ್ದೆ. ಆ ಭಾವನೆಯನ್ನು ಕಳಚಿಕೊಳ್ಳಲು ನನಗೆ ಸುಮಾರು ನಾಲ್ಕು ತಿಂಗಳು ಹಿಡಿಯಿತು.

ಮೊದಲ ಪೆಟ್ಟು ಬಿದ್ದದ್ದು ಊಟದ ಮೇಜಿನಲ್ಲಿ. ಮೊದಲ ರಾತ್ರಿ ಮನೆಯೊಡತಿ ಬಟ್ಟಲೊಂದನ್ನು ನನ್ನ ಕಡೆಗೆ ಹಿಡಿದು ಇನ್ನಷ್ಟು ಬೇಕೇ ಎಂದು ಕೇಳಿದರು. ನಾನು ನಗುತ್ತ ‘ಡಾಂಕೆ’ ಎಂದೆ. ಧನ್ಯವಾದ, ಬಡಿಸಿ ಎಂಬುದು ನನ್ನ ಅರ್ಥವಾಗಿತ್ತು. ಬಟ್ಟಲು ನನ್ನನ್ನು ದಾಟಿ ಮುಂದೆ ಹೋಯಿತು. ಏನನ್ನಾದರೂ ನೀಡಲು ಬಂದಾಗ ಬರಿಯ ‘ಡಾಂಕೆ’ ಎಂದರೆ ಜರ್ಮನ್ನರಿಗೆ ‘ಬೇಡ’ ಎಂದೇ ಅರ್ಥ; ಬೇಕಿದ್ದರೆ ‘ಯಾ, ಗೆರ್ನೆ’ ಅಥವಾ ‘ಬಿಟ್ಟೆ’ ಎನ್ನಬೇಕು. ಇದು ತಿಳಿದ ಮೇಲೂ ಸಮಸ್ಯೆ ಬಗೆಹರಿಯಲಿಲ್ಲ, ಏಕೆಂದರೆ ಮೊದಲ ಸಲ ಬೇಡ ಎಂದು, ಎರಡನೇ ಸಲ ಕೇಳಿದಾಗ ಒಪ್ಪಿಕೊಳ್ಳುವ ಸಂಕೋಚ ನನ್ನಲ್ಲಿ ಬೇರೂರಿತ್ತು. ಆ ಮನೆಯಲ್ಲಿ ಎರಡನೇ ಸಲ ಯಾರೂ ಕೇಳುತ್ತಿರಲಿಲ್ಲ. ಅದು ಉದಾಸೀನವಲ್ಲ, ಒಬ್ಬರ ಮಾತನ್ನು ಇದ್ದಂತೆ ನಂಬುವುದು ಅವರ ದೃಷ್ಟಿಯಲ್ಲಿ ಮರ್ಯಾದೆ, ಬೇಡ ಎಂದವರನ್ನು ಮತ್ತೆ ಒತ್ತಾಯಿಸುವುದು ಅಧಿಕಪ್ರಸಂಗ. ಮೂರು ವಾರ ನಾನು ಅರೆಹೊಟ್ಟೆಯಲ್ಲಿ ಮಲಗಿದೆ. ಹುಡುಗ ಸರಿಯಾಗಿ ಊಟ ಮಾಡುವುದಿಲ್ಲ, ಮನೆಯವರನ್ನು ನೆನೆದು ಕೊರಗುತ್ತಿರಬಹುದು ಎಂದು ಅವರು ಆತಂಕಗೊಂಡು ನಮ್ಮ ಸ್ಥಳೀಯ ಸಂಯೋಜಕಿಗೆ ಪತ್ರ ಬರೆದರು.

ಸಂಯೋಜಕಿ ಬಂದು ಅಡುಗೆಮನೆಯಲ್ಲಿ ನಮ್ಮೆಲ್ಲರನ್ನೂ ಕೂರಿಸಿ ಮಾತನಾಡಿಸಿದಾಗ ನಿಜ ಹೊರಬಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ಅಂದು ಅವರು ಮಾಡಿಸಿದ ಒಂದು ಕೆಲಸವನ್ನು ವಿನಿಮಯಕ್ಕೆ ಹೊರಟ ಎಲ್ಲರೂ ಮೊದಲ ವಾರದಲ್ಲಿಯೇ ಮಾಡಬೇಕು. ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಮನೆಯವರ ಮುಂದೆ ಕುಳಿತು ಒಂದೊಂದಾಗಿ ಕೇಳುವುದೇ ಆ ಕೆಲಸ. ಬೆಳಿಗ್ಗೆ ಸ್ನಾನದ ಮನೆ ಯಾರಿಗೆ ಎಷ್ಟು ಹೊತ್ತಿಗೆ ಬೇಕು? ಫ್ರಿಜ್‌ನಿಂದ ಕೇಳದೆ ತೆಗೆದುಕೊಳ್ಳಬಹುದಾದದ್ದು ಯಾವುದು? ಬಟ್ಟೆ ಒಗೆಯುವ ಯಂತ್ರವನ್ನು ನಾನೇ ಹಾಕಿಕೊಳ್ಳಬಹುದೇ? ಹೊರಗೆ ಹೋಗುವಾಗ ಯಾರಿಗೆ ಹೇಳಬೇಕು? ನನ್ನ ಯಾವ ಅಭ್ಯಾಸ ನಿಮಗೆ ಕಿರಿಕಿರಿ ತರುತ್ತದೆ? ರೋಟರಿಯ ಯುವ ವಿನಿಮಯ ಕಾರ್ಯಕ್ರಮದಲ್ಲಿ ‘ಮೊದಲ ರಾತ್ರಿಯ ಪ್ರಶ್ನೆಗಳು’ ಎಂಬ ಇಂಥದ್ದೇ ಪಟ್ಟಿಯನ್ನು ವಿದ್ಯಾರ್ಥಿಗಳಿಗೆ ಕೊಡುತ್ತಾರೆ ಎಂದು ನನಗೆ ಅನಂತರ ತಿಳಿಯಿತು. ಕೊನೆಯ ಪ್ರಶ್ನೆಗೆ ಮನೆಯೊಡತಿ ತಡವರಿಸದೆ ಉತ್ತರಿಸಿದರು: ನೀನು ಪ್ರತಿ ಮಾತಿಗೂ ಕ್ಷಮೆ ಕೇಳುತ್ತೀಯ, ಅದು ನಮ್ಮನ್ನು ಕೆಟ್ಟವರನ್ನಾಗಿ ಮಾಡುತ್ತದೆ.

ಅದೇ ದಿನ ನಾನು ಕೆಲಸ ಕೇಳಿದೆ. ಪಾತ್ರೆ ತೊಳೆಯುವ ಯಂತ್ರವನ್ನು ಬೆಳಿಗ್ಗೆ ಖಾಲಿ ಮಾಡುವುದು, ಕಸದ ಡಬ್ಬಿಗಳನ್ನು ಅವುಗಳ ವಾರಕ್ಕೆ ತಕ್ಕಂತೆ ರಸ್ತೆಗೆ ಇಡುವುದು ನನ್ನ ಪಾಲಿಗೆ ಬಂದವು. ಯಂತ್ರ ಖಾಲಿ ಮಾಡಿದವನಿಗೆ ಮನೆಯ ಪ್ರತಿಯೊಂದು ಚಮಚ ಎಲ್ಲಿರುತ್ತದೆ ಎಂಬುದು ಒಂದು ವಾರದಲ್ಲಿ ಗೊತ್ತಾಗುತ್ತದೆ. ಚಮಚದ ಜಾಗ ಗೊತ್ತಿರುವವನು ಅತಿಥಿಯಲ್ಲ. ಕಸದ ಪಾಠ ಇನ್ನೂ ಕಠಿಣವಾಗಿತ್ತು. ಪ್ಯಾಕಿಂಗ್ ವಸ್ತುಗಳು ಹಳದಿ ಚೀಲಕ್ಕೆ, ಕಾಗದ ನೀಲಿ ಡಬ್ಬಿಗೆ, ಅಡುಗೆಮನೆಯ ಹಸಿ ಕಸ ಕಂದು ಡಬ್ಬಿಗೆ. ಗಾಜಿನ ಸೀಸೆಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಿ ಬೀದಿಯ ಕೊನೆಯ ದೊಡ್ಡ ಪೆಟ್ಟಿಗೆಗಳಿಗೆ ಹಾಕಬೇಕು, ಅದೂ ಭಾನುವಾರ ಹಾಕುವಂತಿಲ್ಲ, ಏಕೆಂದರೆ ಸದ್ದಾಗುತ್ತದೆ. ನವೆಂಬರಿನಲ್ಲಿ ಒಮ್ಮೆ ಪ್ಲಾಸ್ಟಿಕ್ ಹೊದಿಕೆಯಿದ್ದ ಕಟ್ಟನ್ನು ನೀಲಿ ಡಬ್ಬಿಗೆ ಹಾಕಿದ್ದಕ್ಕಾಗಿ ಮನೆಯೊಡತಿ ತಮ್ಮ ಮಗನನ್ನು ಬೈಯುವ ಸ್ವರದಲ್ಲಿಯೇ ನನ್ನನ್ನೂ ಬೈದರು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಾಗ ನನಗೆ ಬೇಸರಕ್ಕಿಂತ ಹಗುರ ಎನಿಸಿದ್ದೇ ಹೆಚ್ಚು.

ಭಾಷೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಎ1 ಹಂತದ, ಅಂದರೆ ತೀರ ಆರಂಭದ ಜರ್ಮನ್ ಕಲಿತು ಹೋಗಿದ್ದೆ. ತರಗತಿಯಲ್ಲಿ ಕಲಿತದ್ದು ಬೀದಿಯಲ್ಲಿ ಕಾಲು ಜಾರಿಸಿತು. ‘ಹಾಲ್ಪ್ ಆಖ್ಟ್’ ಎಂಬುದಕ್ಕೆ ಪದಶಃ ಅರ್ಧ ಎಂಟು ಎಂಬ ಅರ್ಥವಿದ್ದು, ಅವರ ಲೆಕ್ಕದಲ್ಲಿ ಅದು ಎಂಟರ ಕಡೆಗಿನ ಅರ್ಧ ದಾರಿ, ಅಂದರೆ ಏಳೂವರೆ. ನಾನು ಎಂಟೂವರೆ ಎಂದುಕೊಂಡು ಶಾಲೆಯ ಪ್ರವಾಸದ ಬಸ್ಸಿಗೆ ಹತ್ತು ನಿಮಿಷ ಮೊದಲೇ ಹೋಗಿ ನಿಂತೆ. ಬಸ್ಸು ಐವತ್ತು ನಿಮಿಷ ಮೊದಲೇ ಹೊರಟಿತ್ತು. ಇಪ್ಪತ್ತನಾಲ್ಕನ್ನು ಅವರು ‘ನಾಲ್ಕು ಮತ್ತು ಇಪ್ಪತ್ತು’ ಎನ್ನುವುದರಿಂದ ನಾನು ಬರೆದುಕೊಂಡ ಮೊದಲ ಐದಾರು ಫೋನ್ ನಂಬರುಗಳು ಯಾರಿಗೂ ಹೋಗಲಿಲ್ಲ.

ಆದರೆ ಕನ್ನಡ ನನಗೆ ಎರಡು ಕಡೆ ಕೈಹಿಡಿಯಿತು, ಒಂದು ಕಡೆ ಕಾಲೆಳೆಯಿತು. ಜರ್ಮನ್‌ನ ಅಧೀನ ವಾಕ್ಯಗಳಲ್ಲಿ, ಅಂದರೆ ಮುಖ್ಯ ವಾಕ್ಯಕ್ಕೆ ಜೋಡಿಸಿದ ಉಪವಾಕ್ಯಗಳಲ್ಲಿ, ಕ್ರಿಯಾಪದ ಕೊನೆಗೆ ಹೋಗುತ್ತದೆ. ವಾಕ್ಯ ಮುಗಿಯುವವರೆಗೂ ಕಾಯಬೇಕಲ್ಲ ಎಂದು ನನ್ನ ಜೊತೆಗಿದ್ದ ಅಮೆರಿಕದ ಹುಡುಗ ಒದ್ದಾಡುತ್ತಿದ್ದ. ಕೊನೆಯವರೆಗೆ ಕಾದು ಕೇಳುವುದು ನನಗೆ ಹುಟ್ಟಿನಿಂದ ಬಂದ ರೂಢಿ. ಹಾಗೆಯೇ ‘ಡು’ ಮತ್ತು ‘ಝೀ’ಗಳ ವ್ಯತ್ಯಾಸ ನೀನು, ನೀವು ಎಂದು ಕ್ಷಣದಲ್ಲಿ ಅರ್ಥವಾಯಿತು. ಕಾಲೆಳೆದದ್ದೂ ಅಲ್ಲಿಯೇ. ಮನೆಯವರು ತಮ್ಮನ್ನು ಹೆಸರು ಹಿಡಿದು ‘ಡು’ ಎಂದೇ ಕರೆಯಬೇಕೆಂದು ಹೇಳಿದ್ದರು. ಅಮ್ಮನಷ್ಟು ವಯಸ್ಸಾದವರನ್ನು ಬರಿಯ ಹೆಸರಿನಿಂದ, ಅದೂ ಏಕವಚನದಲ್ಲಿ ಕರೆಯಲು ನನ್ನ ನಾಲಿಗೆ ಏಳಲಿಲ್ಲ. ‘ಝೀ’ ಎಂದರೆ ದೂರ ಇಟ್ಟಂತಾಗುತ್ತದೆ ಎಂಬುದೂ ಗೊತ್ತಿತ್ತು. ಹೀಗಾಗಿ ಎರಡು ತಿಂಗಳು ನಾನು ಅವರನ್ನು ಏನೆಂದೂ ಕರೆಯಲೇ ಇಲ್ಲ. ಏನಾದರೂ ಹೇಳಬೇಕಾದಾಗ ಮಹಡಿ ಇಳಿದು ಅವರ ಎದುರಿಗೆ ಹೋಗಿ ನಿಂತು, ಅವರು ತಲೆಯೆತ್ತಿ ನೋಡಿದ ಮೇಲೆ ಮಾತು ಶುರು ಮಾಡುತ್ತಿದ್ದೆ. ಕೊನೆಗೆ ಒಲೆಯ ಮೇಲಿದ್ದ ಹಾಲು ಉಕ್ಕುವುದನ್ನು ಕಂಡು ಗಾಬರಿಯಲ್ಲಿ ಅವರ ಹೆಸರನ್ನು ಕೂಗಿಬಿಟ್ಟೆ. ಅಲ್ಲಿಂದ ಮುಂದೆ ಕಷ್ಟವಾಗಲಿಲ್ಲ.

ದಿನವಿಡೀ ಪರಭಾಷೆ ಕೇಳುವುದು ಮೈದಣಿವನ್ನೇ ತರುತ್ತದೆ. ಮೊದಲ ಎರಡು ತಿಂಗಳು ರಾತ್ರಿ ಎಂಟಕ್ಕೇ ನಿದ್ದೆ ಎಳೆಯುತ್ತಿತ್ತು. ಅದನ್ನು ಸೋಮಾರಿತನ ಎಂದು ತಿಳಿದು ನನ್ನನ್ನು ನಾನೇ ಹಳಿದುಕೊಂಡದ್ದು ತಪ್ಪು. ಅಕ್ಟೋಬರಿನಲ್ಲಿ ಮನೆಯ ಮಗಳೊಂದಿಗೆ ಒಂದು ಒಪ್ಪಂದ ಮಾಡಿಕೊಂಡೆ: ರಾತ್ರಿಯೂಟ ಮುಗಿಯುವವರೆಗೆ ಇಂಗ್ಲಿಷ್ ಇಲ್ಲ, ಆಮೇಲೆ ಅರ್ಧ ಗಂಟೆ ಏನು ಬೇಕಾದರೂ ಕೇಳಬಹುದು. ಸಂಪೂರ್ಣ ನಿಷೇಧಕ್ಕಿಂತ ಈ ಅರ್ಧ ಗಂಟೆಯ ಕಿಂಡಿಯೇ ನನ್ನನ್ನು ಉಳಿಸಿತು ಎಂಬುದು ನನ್ನ ಅಭಿಪ್ರಾಯ.

ಶಾಲೆಯಲ್ಲಿ ಅಂಕಗಳು 1ರಿಂದ 6ರವರೆಗೆ. 1 ಅತ್ಯುತ್ತಮ, 6 ಅತಿ ಕಳಪೆ. ತರಗತಿಯಲ್ಲಿ ಬಾಯಿಬಿಟ್ಟು ಭಾಗವಹಿಸುವುದಕ್ಕೂ ಅಂಕದಲ್ಲಿ ದೊಡ್ಡ ಪಾಲಿದೆ. ಸುಮ್ಮನೆ ಕೇಳಿಸಿಕೊಳ್ಳುವವನು ವಿಧೇಯ ಎಂಬ ನನ್ನ ಎಣಿಕೆ ಅಲ್ಲಿ ತಲೆಕೆಳಗಾಯಿತು. ಹಿಂದಿನ ರಾತ್ರಿಯೇ ಪ್ರತಿ ಪಾಠಕ್ಕೆ ಒಂದು ವಾಕ್ಯ ಸಿದ್ಧಪಡಿಸಿಕೊಂಡು ಹೋಗಿ, ಮೊದಲ ಹತ್ತು ನಿಮಿಷದಲ್ಲಿ ಕೈಯೆತ್ತಿ ಅದನ್ನು ಹೇಳಿಬಿಡುತ್ತಿದ್ದೆ. ಸ್ನೇಹಿತರು ಮಾತ್ರ ತರಗತಿಯಲ್ಲಿ ಸಿಗಲಿಲ್ಲ. ಊರಿನ ಕ್ರೀಡಾ ಸಂಘದಲ್ಲಿ ವಾರಕ್ಕೆರಡು ದಿನ ಹ್ಯಾಂಡ್‌ಬಾಲ್ ಆಡಲು ಸೇರಿಕೊಂಡ ಮೇಲೆ ಸಿಕ್ಕರು. ಆಟದಲ್ಲಿ ನಾನು ಕಳಪೆಯಾಗಿದ್ದೆ, ಆದರೆ ಚೆಂಡು ಬಂದಾಗ ವ್ಯಾಕರಣ ಯೋಚಿಸಲು ಪುರುಸೊತ್ತಿರುವುದಿಲ್ಲ.

ಡಿಸೆಂಬರ್ ಕೆಟ್ಟದಾಗಿತ್ತು. ಆ ಅಕ್ಷಾಂಶದಲ್ಲಿ ಬೆಳಿಗ್ಗೆ ಎಂಟೂವರೆಗೆ ಸೂರ್ಯ ಹುಟ್ಟಿ ಸಂಜೆ ನಾಲ್ಕು ದಾಟುವಷ್ಟರಲ್ಲಿ ಮುಳುಗುತ್ತಾನೆ. ಮೊದಲ ಪಾಠ ಕತ್ತಲೆಯಲ್ಲಿಯೇ ಆರಂಭವಾಗುತ್ತಿತ್ತು. ಆ ದಿನಗಳಲ್ಲಿ ನಾನು ಪ್ರತಿ ಸಂಜೆ ಮನೆಗೆ ವಿಡಿಯೊ ಕರೆ ಮಾಡಿ ಎರಡೆರಡು ಗಂಟೆ ಕೂರುತ್ತಿದ್ದೆ, ಕರೆ ಮುಗಿದ ಮೇಲೆ ಮೊದಲಿಗಿಂತ ಹೆಚ್ಚು ಕುಗ್ಗುತ್ತಿದ್ದೆ. ಹೊರಡುವ ಮೊದಲಿನ ಶಿಬಿರದಲ್ಲಿ ನಮಗೆ ‘ಯು’ ಆಕಾರದ ಗೆರೆಯೊಂದನ್ನು ಬರೆದು ತೋರಿಸಿದ್ದರು: ಮೊದಲು ಉಲ್ಲಾಸ, ನಡುವೆ ಕುಸಿತ, ಆಮೇಲೆ ಚೇತರಿಕೆ. ಸ್ವೆರೆ ಲಿಸ್ಗೋರ್ ಎಂಬ ಸಮಾಜಶಾಸ್ತ್ರಜ್ಞ ಫುಲ್‌ಬ್ರೈಟ್ ಎಂಬ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗಿಬಂದ ನಾರ್ವೆಯ ವಿದ್ವಾಂಸರನ್ನು ಅಧ್ಯಯನ ಮಾಡಿ 1955ರಲ್ಲಿ ಮುಂದಿಟ್ಟ ಗೆರೆ ಅದು. ಈ ಕುಸಿತ ಇತರರಿಗೂ ಬರುತ್ತದೆ ಎಂದು ತಿಳಿದಿದ್ದರಿಂದ ಸ್ವಲ್ಪ ಸಮಾಧಾನವಾಯಿತು, ನಿಜ. ಆದರೆ ನನ್ನ ಗೆರೆ ‘ಯು’ ಆಗಿರಲಿಲ್ಲ, ಗರಗಸದ ಹಲ್ಲಿನಂತಿತ್ತು. ಮಂಗಳವಾರ ಗೆದ್ದವನು ಬುಧವಾರ ಅಳುತ್ತಿದ್ದೆ. ಕರೆಯನ್ನು ಭಾನುವಾರಕ್ಕೆ ಸೀಮಿತಗೊಳಿಸಿದೆ. ಅಮ್ಮ ಮೊದಲ ಎರಡು ವಾರ ನೊಂದುಕೊಂಡರು. ಕತ್ತಲಾಗುವ ಮೊದಲು ಮಳೆಯಿದ್ದರೂ ಒಂದು ಸುತ್ತು ಹೊರಗೆ ನಡೆದು ಬರುವುದನ್ನು ಮನೆಯೊಡೆಯರು ರೂಢಿ ಮಾಡಿಸಿದರು. ಜನವರಿಯ ಕೊನೆಯ ಹೊತ್ತಿಗೆ ಊಟದ ಮೇಜಿನ ಹಾಸ್ಯಕ್ಕೆ ಉಳಿದವರೊಂದಿಗೆ ಅದೇ ಕ್ಷಣದಲ್ಲಿ ನಗಲು ನನಗೆ ಸಾಧ್ಯವಾಯಿತು.

ಈಸ್ಟರ್ ರಜೆಯಲ್ಲಿ ಅವರ ಬಂಧುಗಳು ಮೂರು ದಿನ ಉಳಿಯಲು ಬಂದರು. ನಿನ್ನ ಕೋಣೆಯನ್ನು ಅವರಿಗೆ ಬಿಟ್ಟುಕೊಡು, ನೀನು ತಮ್ಮನ ಕೋಣೆಯಲ್ಲಿ ನೆಲದ ಮೇಲೆ ಮಲಗು ಎಂದು ಮನೆಯೊಡತಿ ಹೇಳಿದರು. ಆಗುತ್ತದೆಯೇ ಎಂದು ಕೇಳಲಿಲ್ಲ, ಹೇಳಿದರು.

ಜೂನ್ ಕೊನೆಗೆ ಮನೆಗೆ ಮರಳಿದೆ. ಮೊದಲ ರಾತ್ರಿ ಅಮ್ಮ ಇನ್ನಷ್ಟು ಬಡಿಸಲು ಬಂದಾಗ ಬೇಡ ಎಂದೆ. ಅವರು ನಕ್ಕು ಮತ್ತೆ ಸೌಟು ಚಾಚಿದರು. ಬೇಡ ಎಂದೆನಲ್ಲ ಎಂದು ನಾನು ತಟ್ಟೆಗೆ ಕೈ ಅಡ್ಡ ಹಿಡಿದೆ. ಸೌಟು ಅಲ್ಲಿಯೇ ನಿಂತಿತು, ಅಪ್ಪ ತಲೆಯೆತ್ತಿ ನೋಡಿದರು, ಅಮ್ಮನ ಮುಖದಲ್ಲಿ ನಾನು ಹತ್ತು ತಿಂಗಳ ಹಿಂದೆ ಬಟ್ಟಲು ದಾಟಿ ಹೋದಾಗ ಪಟ್ಟ ಗೊಂದಲವೇ ಕಾಣಿಸಿತು. ಕೈ ತೆಗೆದು, ಸ್ವಲ್ಪ ಹಾಕಿ ಎಂದೆ.