ರೊಟ್ಟಿ ಗಂಟು ಕಟ್ಟಿ, ಮಲಪ್ರಭೆಯ ಜೊತೆ ಮೂರು ದಿನ ನಡೆಯಿರಿ

ಬಾದಾಮಿಯಲ್ಲಿ ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಐಹೊಳೆ. ನಡೆದರೆ ಮೂರು ದಿನ. ಕೆಂಪು ಮರಳುಗಲ್ಲಿನ ಗುಡ್ಡ, ಅದರ ಮಗ್ಗುಲಲ್ಲಿ ಹೊಳೆ ನೋಡಬೇಕೆಂದರೆ ನಡೆಯಲೇಬೇಕು.

ಹೊರಡಲು ನವೆಂಬರ್‌ನಿಂದ ಫೆಬ್ರುವರಿ ಸರಿಯಾದ ಕಾಲ. ಮಳೆಗಾಲ ಬೇಡವೇ ಬೇಡ. ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ದಂಡೆ ಮೀರುತ್ತದೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತ್ತು. ಪ್ರವಾಹ ಹಾಗಿರಲಿ, ಎರೆಮಣ್ಣೇ ಸಾಕು. ಅಡ್ಡಮಳೆ ಬಿದ್ದ ಮಾರನೇ ದಿನ ನಾನೊಮ್ಮೆ ಹೊಲಕ್ಕೆ ಇಳಿದಿದ್ದೆ. ಹತ್ತು ಹೆಜ್ಜೆಗೆ ಒಂದೊಂದು ಬೂಟೂ ಇಟ್ಟಂಗಿಯಷ್ಟು ಭಾರ. ಕಡ್ಡಿಯಿಂದ ಕೆರೆದೂ ಕೆರೆದೂ ಸಾಕಾಗಿ, ಕೊನೆಗೆ ಬೂಟು ಕೈಯಲ್ಲಿ ಹಿಡಿದು ನಡೆದೆ.

ಇನ್ನು ಚೀಲ. ಒಲೆ, ಪಾತ್ರೆ ಸುಮ್ನೆ ಹೊರೆ. ಖಡಕ್ ಜೋಳದ ರೊಟ್ಟಿ ಇದ್ದರೆ ಮೂರು ದಿನ ಚಿಂತೆಯಿಲ್ಲ. ಆದರೆ ಹಾಗೇ ತುರುಕಿದರೆ ಸಂಜೆಗೆ ಪುಡಿ. ರೊಟ್ಟಿ ಪೂರ್ತಿ ಆರಲಿ. ಕೆಳಗೊಂದು ಮೇಲೊಂದು ಸ್ಟೀಲ್ ತಾಟು ಇಟ್ಟು, ಹಳೇ ಧೋತರದ ಅರಿವೆಯಲ್ಲಿ ಬಿಗಿಯಾಗಿ ಕಟ್ಟಿ. ತಾಟು ಊಟಕ್ಕೂ ಆಯಿತು, ಅಲ್ವಾ? ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಸಣ್ಣ ಬಾಟಲಿಯಲ್ಲಿ ಎಣ್ಣೆ. ಮೊಸರು, ಉಳ್ಳಾಗಡ್ಡಿ ದಾರಿಯ ಊರುಗಳಲ್ಲಿ ಕೇಳಿಕೊಳ್ಳಿ. ಗಂಟು ಮಾತ್ರ ಕೈಯಲ್ಲಿ ಹಿಡಿಯಬೇಡಿ. ಬಾದಾಮಿಯ ಮಂಗಗಳು ನಿಮಗಿಂತ ಚುರುಕು.

ಒಬ್ಬರಿಗೆ ಮೂರು ಲೀಟರ್ ನೀರು ಇರಲಿ. ಹೊಳೆ ನೀರು ತಿಳಿಯಾಗಿ ಕಂಡರೂ ಹಾಗೇ ಕುಡಿಯಬೇಡಿ. ಊರು ಸಿಕ್ಕಾಗ ಶುದ್ಧ ನೀರಿನ ಘಟಕದಲ್ಲಿ ತುಂಬಿಸಿಕೊಳ್ಳಿ. ಅದಕ್ಕೆ ಹಾಕಲು ಚಿಲ್ಲರೆ ನಾಣ್ಯ ಮರೆಯಬೇಡಿ.

ಮೊದಲ ದಿನ ಗುಡ್ಡದ ಕಾಲುದಾರಿಯಲ್ಲಿ ಮಹಾಕೂಟ. ದೂರ ಕಡಿಮೆ, ಸುಮಾರು 5 ಕಿಲೋಮೀಟರ್, ಆದರೆ ಕಲ್ಲುದಾರಿ. ಕವಲುಗಳು ಜಾಸ್ತಿ, ಕುರಿ ಕಾಯುವವರನ್ನು ಕೇಳುತ್ತಾ ಹೋಗಿ. ಅಲ್ಲಿನ ಹೊಂಡಕ್ಕೆ ಊಟೆ ನೀರು ಬರುತ್ತದೆ. ಕಾಲು ಇಳಿಬಿಟ್ಟು ಕುಳಿತರೆ ಎದ್ದೇಳಲು ಮನಸ್ಸಾಗದು.

ಎರಡನೇ ದಿನ ಪಟ್ಟದಕಲ್ಲು. ನಸುಕಿನಲ್ಲೇ ಹೊರಡಿ, ಹನ್ನೊಂದಕ್ಕೆ ಮರದ ನೆರಳು ಹಿಡಿಯಿರಿ, ನಾಲ್ಕಕ್ಕೆ ಮತ್ತೆ ನಡೆಯಿರಿ. ಹೊಳೆ ಇಲ್ಲಿ ಉತ್ತರಕ್ಕೆ ತಿರುಗುತ್ತದೆ. ಸ್ಮಾರಕದ ಆವರಣದಲ್ಲಿ ಡೇರೆ ಹಾಕುವಂತಿಲ್ಲ. ಊರ ಹಿರಿಯರನ್ನು ಕೇಳಿಯೇ ಮಲಗುವ ಜಾಗ ಗೊತ್ತುಮಾಡಿಕೊಳ್ಳಿ. ಬೆಳೆ ನಿಂತ ಹೊಲ ದಾಟಬೇಡಿ, ಬದುವಿನ ಮೇಲೇ ನಡೆಯಿರಿ.

ಮೂರನೇ ದಿನ ಸುಮಾರು 13 ಕಿಲೋಮೀಟರ್ ನಡೆದರೆ ಐಹೊಳೆ. ಚೀಲ ಕೆಳಗೆ ಚಹಾದಂಗಡಿಯಲ್ಲಿ ಇಟ್ಟು ಮೇಗುತಿ ಗುಡ್ಡ ಹತ್ತಿ. ಮೇಲಿನ ಗುಡಿಯ ಗೋಡೆಯಲ್ಲಿ ಪುಲಿಕೇಶಿಯ ಕಾಲದ, ಕ್ರಿ.ಶ. 634ರ ಶಾಸನವಿದೆ. ಅಲ್ಲಿಂದ ತಿರುಗಿ ನೋಡಿದರೆ ಹೊಳೆಯೂ ಕಾಣುತ್ತದೆ. ಬಾದಾಮಿಗೆ ವಾಪಸ್ ಕೊನೇ ಬಸ್ ಎಷ್ಟಕ್ಕೆ ಎಂದು ಗುಡ್ಡ ಹತ್ತುವ ಮೊದಲೇ ಕೇಳಿಟ್ಟುಕೊಳ್ಳಿ.